ಟಿಸಿ, ಗೌನು, ಮಂಡಕ್ಕಿ, ಮಾರ್ಚ್ 31: ಈ ವಾರ ಯಾವುದನ್ನು ಬಿಡಲಿ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ರಾತ್ರಿ ಹನ್ನೊಂದೂವರೆಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಏಳನೇ ಕ್ಲಾಸು, ಮಗ ಯುಕೆಜಿ. ನಮ್ಮವರಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಾರೆ. ನಾನು ಊರಾಚೆ ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಕ್ಲರ್ಕ್. ಮಾರ್ಚ್ ಕೊನೆ ಅಂದರೆ ಏನು ಅಂತ ಲೆಕ್ಕದ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಬೆಳೆ ಸಾಲ ಕಟ್ಟಿ ಹೊಸದು ಮಾಡಿಸಲು ಬರುವ ರೈತರು ನಾವು ಬೀಗ ತೆಗೆಯುವ ಮುಂಚೆಯೇ ಪಹಣಿ ಹಿಡಿದು ಕಟ್ಟೆ ಮೇಲೆ ಕೂತಿರುತ್ತಾರೆ. ರಜೆ ಕೇಳಿದರೆ ನಮ್ಮ ಕಾರ್ಯದರ್ಶಿಗಳು ಬಯ್ಯುವುದಿಲ್ಲ. ಸುಮ್ನೆ ಗೋಡೆ ಮೇಲಿನ ಕ್ಯಾಲೆಂಡರ್ ಕಡೆ ನೋಡುತ್ತಾರೆ, ಅಷ್ಟೇ.

ಇದೇ ವಾರ ಶಾಲೆಯದೂ ಕೊನೆ ವಾರ. ಸೋಮವಾರ ಮಗಳಿಗೆ ಗಣಿತ, ಮಂಗಳವಾರ ವಿಜ್ಞಾನ, ಬುಧವಾರ ಸಮಾಜ. ಗುರುವಾರ ಮಗನ ಗ್ರ್ಯಾಜುಯೇಶನ್ ಡೇ. ಆರು ವರ್ಷದ ಹುಡುಗ ಯಾವುದರಲ್ಲಿ ಪದವಿ ಪಡೆಯುತ್ತಾನೆ ಅಂತ ಕೇಳಬೇಡಿ. ಕರಿ ಸ್ಯಾಟಿನ್ ಗೌನು, ಬಾಡಿಗೆ 250, ಡಿಪಾಸಿಟ್ 500. ಟೋಪಿ ಎಷ್ಟು ದೊಡ್ಡದು ಅಂದರೆ ತಲೆ ಬಗ್ಗಿಸಿದ ಕೂಡಲೇ ಜಾರಿ ಮೂಗಿನ ಮೇಲೆ ಕೂರುತ್ತದೆ. ಒಳಗೆ ಅವನದೇ ಹಳೇ ಕಾಲುಚೀಲ ಮಡಚಿಟ್ಟು ಟಾಕಿ ಹಾಕಿದ್ದೇನೆ. ಈಗ ಟೋಪಿ ನಿಲ್ಲುತ್ತದೆ, ಹುಡುಗ ನಿಲ್ಲುತ್ತಿಲ್ಲ. "ಅಮ್ಮಾ, ತಲೆ ಬೆವರುತ್ತೆ." ನಮ್ಮೂರ ಮಾರ್ಚ್ ಬಿಸಿಲಿಗೆ ಬೆವರದೆ ಇನ್ನೇನು.

ಶುಕ್ರವಾರ ಏಳನೇ ಕ್ಲಾಸಿನವರ ಬೀಳ್ಕೊಡುಗೆ. ಒಬ್ಬೊಬ್ಬರ ಮನೆಯಿಂದ ಒಂದೊಂದು ತಿಂಡಿ. ಗ್ರೂಪಿನಲ್ಲಿ ಉಳಿದ ತಾಯಂದಿರು ಪಟಪಟ ಅಂತ ಚಿಪ್ಸು, ಜ್ಯೂಸು, ಪೇಪರ್ ಪ್ಲೇಟು ಅಂತ ಹಾಕಿಬಿಟ್ಟರು. ನಾನು ಆಗ ಕೌಂಟರಿನಲ್ಲಿದ್ದೆ. ಸಂಜೆ ನೋಡಿದರೆ ನನ್ನ ಹೆಸರಿನ ಮುಂದೆ "ಮಂಡಕ್ಕಿ, 38 ಮಕ್ಕಳು" ಅಂತ ಇದೆ. ಬೆಳಿಗ್ಗೆ ಕಲಸಿಕೊಟ್ಟರೆ ಹನ್ನೊಂದು ಗಂಟೆಗೆ ಅದು ಮಂಡಕ್ಕಿ ಆಗಿರುವುದಿಲ್ಲ, ಮುದ್ದೆ ಆಗಿರುತ್ತದೆ. ಶಾಲೆಗೇ ಹೋಗಿ ಕಲಸೋಣ ಅಂದರೆ ನಾನು ಎಲ್ಲಿರುತ್ತೇನೆ?

ಇದೆಲ್ಲ ಹೇಗೋ ಆಗುತ್ತದೆ. ತಲೆ ಕೆಟ್ಟಿರುವುದು ಒಂದು ಪುಸ್ತಕಕ್ಕೆ. ಈ ಶಾಲೆ ಏಳರವರೆಗೆ ಮಾತ್ರ. ಎಂಟಕ್ಕೆ ಮಗಳನ್ನು ಊರಿನ ಒಂದು ಅನುದಾನಿತ ಹೈಸ್ಕೂಲಿಗೆ ಸೇರಿಸಬೇಕು. ಲೈಬ್ರರಿಯಿಂದ ತಂದ ಒಂದು ಬೇಟೆ ಕಥೆಗಳ ಪುಸ್ತಕ ವಾಪಸ್ ಬಂದಿಲ್ಲವಂತೆ. ಅದು ಬಂದು ಬಾಕಿ ಇಲ್ಲ ಅಂತ ಸಹಿ ಬಿದ್ದರೆ ಮಾತ್ರ ಟಿಸಿ ಅಂತ ಆಫೀಸಿನವರು ಹೇಳಿದ್ದಾರೆ. ಮಗಳು ಕೊಟ್ಟಿದ್ದೇನೆ ಅನ್ನುತ್ತಾಳೆ. ರಿಜಿಸ್ಟರು ಇಲ್ಲ ಅನ್ನುತ್ತದೆ. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಸ್ಕೂಟಿ ಡಿಕ್ಕಿ ಎಲ್ಲಾ ನೋಡಿಯಾಯಿತು. ರದ್ದಿಗೆ ಹಾಕಲು ಕಟ್ಟಿಟ್ಟ ನೋಟ್‌ಬುಕ್ಕಿನ ಚೀಲವನ್ನೂ ಸುರಿದು ನೋಡಿದೆ.

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ಯಾವುದನ್ನು ಬಿಟ್ಟರೆ ಏನೂ ಆಗುವುದಿಲ್ಲ? ಯಾವುದನ್ನು ಬಿಟ್ಟರೆ ಜೂನ್‌ನಲ್ಲಿ ಅಳಬೇಕಾಗುತ್ತದೆ? ಒಂದು ಪುಸ್ತಕಕ್ಕೆ ಟಿಸಿ ತಡೆಯಬಹುದಾ?

ನಿವೃತ್ತ ಹೆಡ್‌ಮೇಷ್ಟ್ರು, ಚಿತ್ರದುರ್ಗ

ತಂಗಿ, ಮೊದಲು ಟಿಸಿ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಆ ಶಾಲೆಯವರು ಸೇರಿಸಿಕೊಳ್ಳದೆ ಇರುವ ಹಾಗೂ ಇಲ್ಲ. ಈ ಕಾಯ್ದೆ ಎಂಟನೇ ಕ್ಲಾಸಿನವರೆಗೆ ಅನ್ವಯ, ನಿಮ್ಮ ಮಗಳು ಅದರೊಳಗೇ ಬರುತ್ತಾಳೆ.

ಆದರೆ ಕಾಯ್ದೆ ಹಿಡಿದು ಆಫೀಸಿಗೆ ಹೋಗಬೇಡಿ. ನಾನು 31 ವರ್ಷ ಆ ಕುರ್ಚಿಯಲ್ಲಿ ಇದ್ದವನು, ಕಾಯ್ದೆ ಹೇಳಿಕೊಂಡು ಬಂದವರಿಗೆ ನಮಗೂ ಹಟ ಬರುತ್ತಿತ್ತು. ಪುಸ್ತಕ ಕಳೆದಿದೆ, ಅದರ ಬೆಲೆ ಕಟ್ಟುತ್ತೇನೆ ಅಥವಾ ಅದೇ ಪುಸ್ತಕ ಹೊಸದು ತಂದುಕೊಡುತ್ತೇನೆ ಅಂತ ಒಂದು ಅರ್ಜಿ ಬರೆಯಿರಿ. ಅರ್ಜಿಗೆ ಒಂದು ಜೆರಾಕ್ಸ್ ಮಾಡಿ, ಅದರ ಮೇಲೆ ತಲುಪಿದೆ ಅಂತ ಸೀಲು ಹಾಕಿಸಿಕೊಳ್ಳಿ. ಬಹಳ ಕಡೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು. ನಮ್ಮ ಕಾಲದಲ್ಲಿ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಊರಿಗೆ ಊರೇ ನಡುಗುತ್ತಿತ್ತು. ಈಗ ಅದಿಲ್ಲ. ಗಣಿತಕ್ಕೆ ಅಂತ ಹುಡುಗಿಯ ನಿದ್ದೆ ಕೆಡಿಸಬೇಡಿ.

ಶಿವಮೊಗ್ಗ ಟೀಚರ್

ಮೇಷ್ಟ್ರು ಹೇಳಿದ್ದು ಸರಿ. ನಾನು ಈ ಕಡೆಯಿಂದ ಹೇಳುತ್ತೇನೆ. ಈ ವಾರ ನಮಗೂ ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನ ಪೇಪರ್ ತಿದ್ದುವುದು, ರಾತ್ರಿ ಅಂಕ ಏರಿಸುವುದು. ನನ್ನ ಮಗಳಿಗೂ ಇದೇ ವಾರ ಪರೀಕ್ಷೆ, ಅವಳ ಟೈಮ್‌ಟೇಬಲ್ ನನಗೆ ಬಾಯಿಗೆ ಬರುವುದಿಲ್ಲ. ಬೇರೆ ಮಕ್ಕಳದು ಬರುತ್ತದೆ.

ಜೂನ್‌ನಲ್ಲಿ ಅಳಿಸುವುದು ಗೌನೂ ಅಲ್ಲ, ಮಂಡಕ್ಕಿಯೂ ಅಲ್ಲ, ಕಾಗುಣಿತ. ಟಿಸಿ ಬರೆಯುವ ಮುಂಚೆ ಮಗಳ ಹೆಸರು, ಇನಿಷಿಯಲ್, ನಿಮ್ಮಿಬ್ಬರ ಹೆಸರು, ಹುಟ್ಟಿದ ತಾರೀಖು ಶಾಲೆಯ ದಾಖಲೆಯಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ ನೋಡಿ. ಒಂದು ಅಕ್ಷರ ಆಚೀಚೆ ಇದ್ದರೂ ಈಗಲೇ ಹೇಳಿ. ಇದೇ ಹೆಸರು ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿವರೆಗೂ ಹೋಗುತ್ತದೆ, ಆಮೇಲೆ ತಿದ್ದಿಸುವುದು ದೊಡ್ಡ ರಾಮಾಯಣ. ಟಿಸಿ ಜೊತೆ ಎಸ್‌ಟಿಎಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್) ಬರೆಸಿಕೊಳ್ಳಿ, ಹೊಸ ಶಾಲೆಯವರು ಅದನ್ನೇ ಮೊದಲು ಕೇಳುತ್ತಾರೆ. ಜಾತಿ, ಆದಾಯ ಪತ್ರದ ಅವಧಿ ಮುಗಿದಿದ್ದರೆ ಏಪ್ರಿಲ್‌ನಲ್ಲೇ ನಾಡಕಚೇರಿಗೆ ಹೋಗಿಬನ್ನಿ. ಜೂನ್‌ನಲ್ಲಿ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಟಿಸಿಯನ್ನು ಇದೇ ವಾರ ಮಾಡಿಸಬೇಕು ಅಂತ ಇಲ್ಲ. ರಾಜ್ಯ ಪಠ್ಯದ ಶಾಲೆಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ 10ಕ್ಕೆ ಫಲಿತಾಂಶ, 11ರಿಂದ ರಜೆ. ನಿಮ್ಮ ಮಾರ್ಚ್ 31 ಮುಗಿಯಲಿ. ಏಪ್ರಿಲ್ ಮೊದಲ ವಾರ ಅರ್ಧ ದಿನ ರಜೆ ಹಾಕಿ.

ಮತ್ತೆ, ನಿಮ್ಮ ಗ್ರೂಪಿನಲ್ಲಿ ಟೀಚರಿಗೆ ಸೀರೆ ಅಂತ ದುಡ್ಡು ಎತ್ತುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಸೀರೆಗಿಂತ ಓದಲು ಬರುವಂಥ ಆಧಾರ್ ಜೆರಾಕ್ಸ್ ಕೊಟ್ಟರೆ ಹೆಚ್ಚು ಖುಷಿಯಾಗುತ್ತದೆ.

ರಾಣೆಬೆನ್ನೂರು ಅಡುಗೆಮನೆ

ಮಂಡಕ್ಕಿ ವಿಚಾರ ನನಗೆ ಬಿಡಿ. ಹಸಿ ಮಂಡಕ್ಕಿ ಬೇಡ, ಖಾರ ಮಂಡಕ್ಕಿ ಮಾಡಿ. ಗುರುವಾರ ಮಧ್ಯಾಹ್ನ ಮಂಡಕ್ಕಿಯನ್ನು ಒಂದು ತಾಸು ಬಿಸಿಲಿಗೆ ಹರಡಿಸಿ. ರಾತ್ರಿ ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಶೇಂಗಾ, ಪುಟಾಣಿ. ಬೆಳ್ಳುಳ್ಳಿ, ಕರಿಬೇವು ಗರಿಗರಿ ಆಗುವವರೆಗೆ ಹುರಿಯಿರಿ, ಹಸಿ ಉಳಿದರೆ ಅದೇ ಮೆತ್ತಗೆ ಮಾಡುವುದು. ಉರಿ ಆರಿಸಿ ಅರಿಶಿನ, ಖಾರದಪುಡಿ, ಉಪ್ಪು, ಸ್ವಲ್ಪ ಸಕ್ಕರೆ ಪುಡಿ. ಆಮೇಲೆ ಮಂಡಕ್ಕಿ ಸುರಿದು ಕೈಯಾಡಿಸಿ. ಪೂರ್ತಿ ಆರುವವರೆಗೆ ಮುಚ್ಚಳ ಹಾಕಬೇಡಿ. ಈರುಳ್ಳಿ, ಟೊಮೇಟೊ ಬೇರೆ ಡಬ್ಬಿಯಲ್ಲಿ ಕಳಿಸಿ, ಬೇಕಾದ ಮಕ್ಕಳು ಮೇಲೆ ಹಾಕಿಕೊಳ್ಳುತ್ತಾರೆ. 38 ಮಕ್ಕಳು ಅಂತ ಹೆದರಬೇಡಿ, ಅರ್ಧ ಜನ ಚಿಪ್ಸಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ.

ಬೆಂಗಳೂರು ಅಪ್ಪ

ಇಷ್ಟೆಲ್ಲ ತಲೆಬಿಸಿ ಯಾಕೆ? ಗ್ರ್ಯಾಜುಯೇಶನ್ ಡೇಗೆ ಹೋಗದಿದ್ದರೆ ಆಯಿತಪ್ಪ. ಯುಕೆಜಿ ಮಗುವಿಗೆ ನೆನಪೂ ಇರುವುದಿಲ್ಲ.

ದಾವಣಗೆರೆ ಅಮ್ಮ

ಬೆಂಗಳೂರು ಅಪ್ಪ ಅವರೇ, ಅವನಿಗೆ ನೆನಪಿರುತ್ತದೆ. ಹೋದ ವರ್ಷ ಫ್ಯಾನ್ಸಿ ಡ್ರೆಸ್‌ಗೆ ಹತ್ತು ನಿಮಿಷ ತಡವಾಗಿ ಹೋಗಿದ್ದೆ. ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ.

ದಾವಣಗೆರೆ ಅಮ್ಮ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ವರದಿ.

ಗುರುವಾರ ಒಂದು ತಾಸು ಅಂತ ಪರ್ಮಿಶನ್ ಕೇಳಿದೆ. ಕಾರ್ಯದರ್ಶಿಗಳು ಮತ್ತೆ ಕ್ಯಾಲೆಂಡರ್ ನೋಡಿದರು. ಕಟ್ಟೆ ಮೇಲಿದ್ದ ಅಜ್ಜ ಒಬ್ಬರು, "ಹೋಗಿ ಬಾರವ್ವ, ನಮ್ಮ ಸಾಲ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದರು. ಎಲ್ಲರೂ ನಕ್ಕರು, ನಾನು ಹೊರಟುಬಿಟ್ಟೆ. ಮಗ ವೇದಿಕೆ ಮೇಲೆ ಟೋಪಿ ತೆಗೆದು, ಒಳಗಿನ ಕಾಲುಚೀಲ ಕಿತ್ತು ನನಗೆ ತೋರಿಸಿದ. ಫೋಟೋದಲ್ಲೂ ಕಾಲುಚೀಲ ಬಂದಿದೆ. ಟೋಪಿಯ ಗೊಂಡೆ ಕಿತ್ತುಹೋಗಿದೆ ಅಂತ ಡಿಪಾಸಿಟ್‌ನಲ್ಲಿ 100 ಹಿಡಿದರು.

ಮಂಡಕ್ಕಿ ಖಾಲಿ. ರಾಣೆಬೆನ್ನೂರಿನ ಅಕ್ಕನಿಗೆ ದೊಡ್ಡ ನಮಸ್ಕಾರ. 31ರ ರಾತ್ರಿ ಲೆಕ್ಕ ಹೊಂದಿದಾಗ ಹತ್ತೂಕಾಲು.

ಟೀಚರ್ ಹೇಳಿದ ಹಾಗೆ ದಾಖಲೆ ತೆಗೆಸಿ ನೋಡಿದೆ. ಮಗಳ ಹೆಸರು ಸರಿ ಇತ್ತು. ನನ್ನ ಹೆಸರೇ ತಪ್ಪು! ಏಳು ವರ್ಷದಿಂದ ಪ್ರತಿ ಅಂಕಪಟ್ಟಿಗೂ ಸಹಿ ಹಾಕಿದ್ದೇನೆ, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ತಿದ್ದಲು ಅರ್ಜಿ ಕೊಟ್ಟಿದ್ದೇನೆ.

ಮತ್ತೆ ಪುಸ್ತಕ. ಮೇಷ್ಟ್ರು ಹೇಳಿದಂತೆ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅವತ್ತೇ ಸಂಜೆ ಹರಿಹರದಿಂದ ಅವ್ವ ಫೋನ್ ಮಾಡಿದಳು. ಮಾತಿಗೆ ಮಾತು ಬಂದು ಹೇಳಿದೆ. "ಹುಲಿ ಪುಸ್ತಕನಾ? ಅದು ನನ್ನ ದಿಂಬಿನ ಕೆಳಗೈತಿ. ಇನ್ನೆರಡು ಕಥಿ ಅದಾವು, ಮುಗಿಸಿ ಕೊಡ್ತೀನಿ" ಅಂದಳು. ಯುಗಾದಿಗೆ ಹೋದಾಗ ಮಗಳು ತೆಗೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬಂದಿದ್ದಾಳೆ. ಮರುದಿನವೇ ಬಸ್ಸು ಹತ್ತಿ ಹೋಗಿ ತಂದೆ. ಓದಿದ ಜಾಗದ ಗುರುತಿಗೆ ಅವ್ವ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಸಿಕ್ಕಿಸಿದ್ದಳು.

ಪುಸ್ತಕ ವಾಪಸ್ ಹೋಯಿತು, ಸಹಿ ಬಿತ್ತು. ಆದರೆ ಕೊನೆ ಎರಡು ಕಥೆ ಅವ್ವ ಓದಿಲ್ಲ. ದಿನಾ ರಾತ್ರಿ ಫೋನ್ ಮಾಡಿ ಆ ಹುಲಿ ಸಿಕ್ಕಿತಾ ಇಲ್ಲವಾ ಅಂತ ಮಗಳನ್ನು ಕೇಳುತ್ತಾಳೆ. ರಜೆಗೆ ಬಂದಾಗ ಹೇಳುತ್ತೇನೆ ಅಂತ ಇವಳು ಸತಾಯಿಸುತ್ತಿದ್ದಾಳೆ.