‘ವಕೀಲ’ಜ್ಜನೋ ‘ಮುಖ್ತ್ಯಾರ’ಜ್ಜನೋ?

ಕಂಪ್ಲಿಯ ನಮ್ಮ ಹಳೇ ಮನೆಯ ಪೆಟ್ಟಿಗೆಯಲ್ಲಿ ಎರಡು ಕಾಗದ ಸಿಕ್ಕಿವೆ. ಎರಡರಲ್ಲೂ ಮುತ್ತಜ್ಜನ ತಂದೆಯ ಹೆಸರಿದೆ. ಮನೆಮಂದಿಗೆಲ್ಲ ಅವರು ‘ವಕೀಲಜ್ಜ’. “ಬಂಡಿ ಕಟ್ಟಿಸಿಕೊಂಡು ಬಳ್ಳಾರಿ ಕೋರ್ಟಿಗೆ ಹೋಗ್ತಿದ್ರು” ಅಂತ ಅಜ್ಜಿ ಹೇಳುತ್ತಿದ್ದಳು. ಆದರೆ ಫಸಲಿ 1290ರ ಕ್ರಯಪತ್ರದಲ್ಲಿ ಅವರ ರುಜುವಿನ ಮೇಲಿರುವುದು ‘ಮುಖ್ತ್ಯಾರ’ ಎಂಬ ಪದ. (ಫಸಲಿ ಅಂದರೆ ಕಂದಾಯದ ಲೆಕ್ಕದ ವರ್ಷ. ಇಸವಿಗೆ 590 ಕೂಡಿಸಿಕೊಳ್ಳಿ: 1880-81. ಮದರಾಸು ಸೀಮೆಯ ಫಸಲಿ ಜುಲೈಗೆ ಶುರು. ಧಾತು, ಈಶ್ವರ ಸಂವತ್ಸರಗಳ ಬರ ಕಳೆದು ಎರಡು-ಮೂರು ವರ್ಷ. ಪತ್ರವೂ ಬರಗಾಲದ ಸಾಲಕ್ಕೆ ಹೊಲ ಮಾರಿದ್ದೇ.)

ಇನ್ನೊಂದು, ಹೊಳೆಯಾಚೆ ಗಂಗಾವತಿಯಿಂದ ಬಂದ ಪತ್ರ. ಅದರಲ್ಲಿ ‘ವಕೀಲ’ ಎಂದೇ ಇದೆ. ಆಗ ತುಂಗಭದ್ರೆ ದಾಟಿದರೆ ನಿಜಾಮರ ರಾಜ್ಯ. 1880ರ ದಶಕದವರೆಗೆ ಅಲ್ಲಿನ ದಫ್ತರದ ಭಾಷೆ ಫಾರ್ಸಿ. ಎರಡೂ ಪದಗಳ ಮೂಲ ಅರಬ್ಬಿ. ವಕೀಲ ಅಂದರೆ ಕೆಲಸ ವಹಿಸಿಕೊಂಡವ. ಹೈದರ್, ಟೀಪು ಕಾಲದಲ್ಲಿ ದರ್ಬಾರಿನಿಂದ ದರ್ಬಾರಿಗೆ ಹೋಗುವ ರಾಯಭಾರಿಯೂ ವಕೀಲನೇ. ಈಗಲೂ “ಅವನ ಪರ ಯಾಕ ವಕಾಲತ್ತು ವಹಿಸ್ತಿ?” ಅನ್ನುವಾಗ ಕೋರ್ಟಿನ ನೆನಪು ಯಾರಿಗೂ ಬರುವುದಿಲ್ಲ. ಮುಖ್ತ್ಯಾರ ಅಂದರೆ ಆಯ್ಕೆಯಾದವ, ಅಧಿಕಾರ ಪಡೆದವ. “ಆ ಮನಿ ಮುಖತ್ಯಾರಿಕಿ ಯಾರ್ದು?” ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ.

1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆಯಲ್ಲಿ ಪ್ಲೀಡರ್ (ಕೋರ್ಟಿನಲ್ಲಿ ವಾದಿಸುವ ವಕೀಲ) ಬೇರೆ, ಮುಖ್ತ್ಯಾರ ಬೇರೆ. ಆದರೆ ಅದು ಮೊದಲು ಜಾರಿಯಾದದ್ದು ಬಂಗಾಳ, ಪಂಜಾಬಿನಂಥ ಉತ್ತರದ ಪ್ರಾಂತಗಳಲ್ಲಿ. ಆ ಅಳತೆಗೋಲನ್ನು ಕಂಪ್ಲಿಯ ಪತ್ರಕ್ಕೆ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಪತ್ರದ ವ್ಯಾಕರಣವೇ ಹೆಚ್ಚು ಹೇಳುತ್ತದೆ. ಅಲ್ಲಿರುವುದು ಬರೀ ‘ಮುಖ್ತ್ಯಾರ’ ಅಲ್ಲ, ‘ಸದರಿ ಸಾಹುಕಾರರ ಮುಖ್ತ್ಯಾರ’. ವಕೀಲನ ಹಿಂದೆ ಕೋರ್ಟಿನ ಹೆಸರು ಬರುತ್ತದೆ: ಜಿಲ್ಲಾ ಕೋರ್ಟು ವಕೀಲ, ಮುನಸೀಫ್ ಕೋರ್ಟು ವಕೀಲ. ಮುಖ್ತ್ಯಾರನ ಹಿಂದೆ ಒಬ್ಬ ಮನುಷ್ಯ ಬರುತ್ತಾನೆ, ಷಷ್ಠಿ ವಿಭಕ್ತಿಯಲ್ಲಿ. ಹಾಗಾದರೆ ನಮ್ಮಜ್ಜ ಆ ಹೊತ್ತಿಗೆ ಸಾಹುಕಾರರ ಪರ ರುಜು ಹಾಕಿದ ಪ್ರತಿನಿಧಿ, ಅಷ್ಟೇ. ವೃತ್ತಿಯಿಂದ ವಕೀಲರಾಗಿದ್ದರೂ ಆ ಕಾಗದದ ಮಟ್ಟಿಗೆ ಮುಖ್ತ್ಯಾರರು ಎಂದು ಓದುವುದೇ ನನಗೆ ಒಪ್ಪಿಗೆ.

ಈ ಓದನ್ನು ಒಂದೇ ಒಂದು ಉದಾಹರಣೆ ಮುರಿಯಬಲ್ಲದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ನಿಮ್ಮ ಮನೆಯ ಹಳೇ ಪತ್ರಗಳಲ್ಲಿ ‘ಕೋರ್ಟು ಮುಖ್ತ್ಯಾರ’ ಎಂಬ ಜೋಡಿ ಎಲ್ಲಾದರೂ ಇದೆಯೇ? ಇದ್ದರೆ ಆ ಸಾಲನ್ನು ಫಸಲಿಯ ಸಮೇತ, ಇದ್ದ ಕಾಗುಣಿತದಲ್ಲೇ ಬರೆದು ತಿಳಿಸಿ. ಮೊಮ್ಮಕ್ಕಳಿಗೆ ವಂಶಾವಳಿ ಬರೆಯುತ್ತಿದ್ದೇನೆ. ಅಜ್ಜನ ಹೆಸರಿನ ಮುಂದಿನ ಜಾಗವನ್ನು ಸದ್ಯ ಖಾಲಿ ಬಿಟ್ಟಿದ್ದೇನೆ.