ಕ್ಲೈನೋಸ್ಟಾಟ್‌ನಲ್ಲಿ ಯೂಗ್ಲಿನಾ ಅಕ್ಷದ ಕಡೆಗೇ ಸೇರುತ್ತಿದೆ: ಕಾರಣವೇನು?

ಪ್ರಶ್ನೆ:
ತೂಕರಹಿತ ಸ್ಥಿತಿಯಲ್ಲಿ ಯೂಗ್ಲಿನಾ ಗ್ರಾಸಿಲಿಸ್ ಎಂಬ ಏಕಕೋಶ ಜೀವಿ ಹೇಗೆ ಈಜುತ್ತದೆ ಎಂಬುದನ್ನು ನೆಲದ ಮೇಲೆಯೇ ಅಭ್ಯಸಿಸಲು, ಅಕ್ಷವು ನೆಲಕ್ಕೆ ಸಮಾಂತರವಾಗಿರುವ ಕ್ಲೈನೋಸ್ಟಾಟ್ (ಮಾದರಿಯನ್ನು ಸತತವಾಗಿ ತಿರುಗಿಸುವ ಯಂತ್ರ) ಒಂದನ್ನು ಕಟ್ಟಿದ್ದೇನೆ. ಅದು ನಿಮಿಷಕ್ಕೆ 60 ಸುತ್ತು ತಿರುಗುತ್ತದೆ. ಜೀವಿಗಳಿರುವ ನೀರಿನ ಚೇಂಬರ್ ಅಕ್ಷದಿಂದ 5 ಸೆಂ.ಮೀ. ದೂರದಲ್ಲಿದೆ. ಜೀವಿಗಳು ಎಲ್ಲ ದಿಕ್ಕಿಗೂ ಹರಡುವ ಬದಲು ಅಕ್ಷಕ್ಕೆ ಹತ್ತಿರದ ಅಂಚಿನಲ್ಲಿ ಸೇರುತ್ತಿವೆ. ಕತ್ತಲಲ್ಲಿ ತಿರುಗಿಸಿದರೂ ಫಲಿತಾಂಶ ಬದಲಾಗಲಿಲ್ಲ.

ಉತ್ತರ:
ಕತ್ತಲಲ್ಲೂ ಹಾಗೆಯೇ ಆಗುತ್ತಿರುವುದರಿಂದ ಬೆಳಕನ್ನು ಬದಿಗಿಡಬಹುದು. ಇದು ಅಕ್ಷದಿಂದ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲದ ಪರಿಣಾಮ. ಕೋನೀಯ ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ನಿಮ್ಮ ಚೇಂಬರಿನಲ್ಲಿ ಸುಮಾರು 2 ಮೀ/ಸೆ², ಅಂದರೆ ಭೂಮಿಯ ಗುರುತ್ವದ ಐದನೆಯ ಒಂದು ಭಾಗದಷ್ಟು ವೇಗೋತ್ಕರ್ಷವಿದೆ. 1994ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಐಎಂಎಲ್-2 (ಎರಡನೆಯ ಅಂತರರಾಷ್ಟ್ರೀಯ ಸೂಕ್ಷ್ಮಗುರುತ್ವ ಪ್ರಯೋಗಾಲಯ) ಯಾನದಲ್ಲಿ, ನಿಧಾನವಾಗಿ ತಿರುಗುವ ಸೂಕ್ಷ್ಮದರ್ಶಕದ ಮೂಲಕ ನಡೆಸಿದ ಪ್ರಯೋಗದಲ್ಲಿ ಯೂಗ್ಲಿನಾ 0.16 ಜಿಯಷ್ಟು (1 ಜಿ ಎಂದರೆ ಭೂಮಿಯ ಗುರುತ್ವ) ಅಲ್ಪ ವೇಗೋತ್ಕರ್ಷಕ್ಕೂ ಸ್ಪಂದಿಸಿತ್ತು. ನೆಲದ ಮೇಲೆ ಗುರುತ್ವಕ್ಕೆ ಎದುರಾಗಿ ಮೇಲಕ್ಕೆ ಈಜುವ ಈ ಜೀವಿಗೆ ನಿಮ್ಮ ಯಂತ್ರದಲ್ಲಿ ಅಕ್ಷದ ದಿಕ್ಕೇ 'ಮೇಲೆ' ಆಗಿದೆ. ನೀರಿಗಿಂತ ಭಾರವಾದ ಸತ್ತ ಕೋಶಗಳಾಗಿದ್ದರೆ ಹೊರ ಅಂಚಿಗೆ ಸರಿಯುತ್ತಿದ್ದವು. ಆದ್ದರಿಂದ ನೀವು ಕಂಡದ್ದು ನಿಜವಾದ ಗುರುತ್ವ ಸ್ಪಂದನೆ, ಮತ್ತು ಅದು ಬಹಳ ಬೆಲೆಯುಳ್ಳ ವೀಕ್ಷಣೆ.

ಮರುಪ್ರಶ್ನೆ:
ಹಾಗಾದರೆ ವೇಗವನ್ನು ನಿಮಿಷಕ್ಕೆ 2 ಸುತ್ತಿಗೆ ಇಳಿಸಿದರೆ ಸಾಕೇ?

ಉತ್ತರ:
ಸಾಲದು. ಕೇಂದ್ರಾಪಗಾಮಿ ಬಲವೇನೋ ನಗಣ್ಯವಾಗುತ್ತದೆ. ಆದರೆ ಅರ್ಧ ಸುತ್ತಿಗೆ 15 ಸೆಕೆಂಡು ಹಿಡಿಯುವುದರಿಂದ, ಆ ಅವಧಿಯಲ್ಲಿ ಕೋಶಗಳು ಗುರುತ್ವಕ್ಕೆ ತಕ್ಕಂತೆ ತಿರುಗಿಕೊಳ್ಳತೊಡಗುತ್ತವೆ. ವೇಗವನ್ನು ಹಾಗೆಯೇ ಉಳಿಸಿ, ಅಕ್ಷವು ನಡುವೆ ಹಾಯುವಂತೆ ಕಿರಿದಾದ ಚೇಂಬರನ್ನು ಜೋಡಿಸಿ. ಅಕ್ಷದಿಂದ 4 ಮಿ.ಮೀ. ಒಳಗೆ ವೇಗೋತ್ಕರ್ಷ 0.016 ಜಿ ದಾಟುವುದಿಲ್ಲ. ಚೇಂಬರಿನಲ್ಲಿ ಗಾಳಿಗುಳ್ಳೆ ಉಳಿದರೆ ಅದು ದ್ರವವನ್ನು ಕಲಕುತ್ತದೆ. ಪೂರ್ತಿ ತುಂಬಿಸಿಯೇ ಮುಚ್ಚಿ. ವೀಕ್ಷಣೆಗೆ ಕೆಂಪು ಬೆಳಕು ಒಳ್ಳೆಯದು, ಏಕೆಂದರೆ ಯೂಗ್ಲಿನಾದ ಬೆಳಕಿನ ಗ್ರಾಹಕ ಸ್ಪಂದಿಸುವುದು ಮುಖ್ಯವಾಗಿ ನೀಲಿ ಬೆಳಕಿಗೆ.

ಇನ್ನೊಂದು ಎಚ್ಚರಿಕೆ: ಎಳೆಯ ಕಲ್ಚರ್‌ನ (ದ್ರವದಲ್ಲಿ ಬೆಳೆಸಿದ ಕೋಶಗಳ ಸಮೂಹ) ಕೋಶಗಳು ಕೆಳಮುಖವಾಗಿಯೂ ಈಜಬಲ್ಲವು. ಆದ್ದರಿಂದ ಪ್ರತಿ ಸಲವೂ ಅದೇ ಕಲ್ಚರ್‌ನ ಒಂದು ಭಾಗವನ್ನು ನಿಶ್ಚಲವಾಗಿಟ್ಟು, ಮತ್ತೊಂದನ್ನು ಲಂಬ ಅಕ್ಷದ ಸುತ್ತ ಅದೇ ವೇಗದಲ್ಲಿ ತಿರುಗಿಸಿ ಹೋಲಿಸಿ. ಕ್ಲೈನೋಸ್ಟಾಟ್ ಗುರುತ್ವವನ್ನು ಅಳಿಸುವುದಿಲ್ಲ, ಅದರ ದಿಕ್ಕನ್ನು ಮಾತ್ರ ಸತತವಾಗಿ ಬದಲಿಸುತ್ತದೆ. ಈ ಹೋಲಿಕೆಯಿಲ್ಲದೆ 'ತೂಕರಹಿತ ಸ್ಥಿತಿಯ ವರ್ತನೆ' ಎಂದು ದಾಖಲಿಸಬೇಡಿ.