ಮೇಲಿನ ಮನೆಯಲ್ಲಿ ಕೂಗಾಟ, ಪೊಲೀಸರಿಗೆ ಫೋನ್ ಮಾಡಿದ್ದು ಸರಿಯಾ?

ನಿದ್ದೆಗೆಟ್ಟವಳು:
ಮೊನ್ನೆ ರಾತ್ರಿ ಒಂದೂವರೆಗೆ ಮೇಲಿನ ಮನೆಯಲ್ಲಿ ಏನೋ ಧಡ್ ಅಂತ ಬಿತ್ತು. ಹೆಂಗಸೊಬ್ಬರು ಕಿರುಚಿದರು. ಆಮೇಲೆ ಸದ್ದೇ ಇಲ್ಲ. ಗಂಡ ಹೆಂಡಿರ ಜಗಳ, ನಮಗ್ಯಾಕೆ ಅಂತ ಫೋನ್ ಹಿಡ್ಕೊಂಡು ಹತ್ತು ನಿಮಿಷ ಕೂತೆ. ಕೊನೆಗೆ ಮಾಡಿದೆ. ಆ ಕಡೆಯವರು "ಹೇಳಿ" ಅಂದ ತಕ್ಷಣ ಗಾಬರಿಯಾಗಿ ಕಟ್ ಮಾಡಿಬಿಟ್ಟೆ! ಅವರೇ ತಿರುಗಿ ಮಾಡಿದರು. ಆಗ ನೋಡಿದರೆ ನಮ್ಮ ಮನೆ ನಂಬರೇ ಬಾಯಿಗೆ ಬರ್ತಿಲ್ಲ. ಪೊಲೀಸರು ಬಂದು ಮೇಲೆ ಹೋಗಿ ಮಾತಾಡಿ ಹೋದರು. ಒಳಗೆ ಏನಾಗಿತ್ತೋ ಗೊತ್ತಾಗಲಿಲ್ಲ. ನಾನು ಮಾಡಿದ್ದು ಅತಿಯಾಯ್ತಾ? ಎಂಥದ್ದಕ್ಕೆ ಫೋನ್ ಮಾಡಬೇಕು, ಏನು ಹೇಳಬೇಕು?

ಹಳೇ ರಾತ್ರಿಪಾಳಿ:
ಅತಿಯಾಗಿದ್ದು ಆ ಹತ್ತು ನಿಮಿಷ ಮಾತ್ರ. ಹನ್ನೊಂದು ವರ್ಷ ಇಂಥ ಕರೆಗಳನ್ನೇ ಎತ್ತಿದವನು ನಾನು. ಜನ ಕಥೆ ಶುರು ಮಾಡೋದೇ ಬುಡದಿಂದ: "ಸಾರ್, ಅವರಿಬ್ಬರಿಗೂ ಮದುವೆಯಾದಾಗಿನಿಂದ ಆಗಿಬರಲ್ಲ..." ಅಯ್ಯೋ, ಮೊದಲು ಜಾಗ ಹೇಳಿ. ಜಾಗ ಹೇಳಿದ ಮೇಲೆ ಲೈನ್ ಹೋದರೂ ಗಾಡಿ ಹೊರಡುತ್ತೆ. ಮೊಬೈಲ್ ಲೊಕೇಶನ್ ಸಿಕ್ಕರೂ ಎಷ್ಟನೇ ಮಹಡಿ, ಯಾವ ಬಾಗಿಲು ಅನ್ನೋದನ್ನ ನೀವೇ ಹೇಳಬೇಕು. ಆಮೇಲೆ ಏನು ನಡೀತಿದೆ, ಯಾರಿಗಾದರೂ ಪೆಟ್ಟಾಗಿದೆಯಾ, ಕೈಯಲ್ಲಿ ಚಾಕು ಗೀಕು ಇದೆಯಾ. ಪ್ರಶ್ನೆ ಕೇಳ್ತಾನೇ ಇದ್ದಾರೆ, ಕಳಿಸೋದು ಯಾವಾಗ ಅಂತ ರೇಗಬೇಡಿ. ನಾನು ಕೇಳ್ತಿದ್ದಾಗಲೇ ಪಕ್ಕದ ಸೀಟಿನವರು ವೈರ್‌ಲೆಸ್‌ನಲ್ಲಿ ಗಾಡಿಗೆ ಹೇಳಿಬಿಟ್ಟಿರ್ತಿದ್ದರು.

ಜೀವಕ್ಕೆ ಅಪಾಯ, ಅಪರಾಧ ಈಗಲೇ ನಡೀತಿದೆ, ಇಲ್ಲವೇ ಮಾಡಿದವನು ಇನ್ನೂ ಅಲ್ಲೇ ಇದ್ದಾನೆ ಅಂದರೆ ತುರ್ತು ನಂಬರ್. ಬೆಳಿಗ್ಗೆ ಎದ್ದಾಗ ಬೈಕ್ ಕಾಣಲಿಲ್ಲ ಅಂದರೆ ಠಾಣೆಗೆ ಹೋಗಿ ದೂರು ಕೊಡಿ. ಅನುಮಾನವಿದ್ದರೆ ಮಾಡಿಬಿಡಿ, ತೂಗಿ ನೋಡೋದು ಫೋನ್ ಎತ್ತಿದವರ ಕೆಲಸ. ಕೈತಪ್ಪಿ ಒತ್ತಿದರೂ ಸುಮ್ಮನೆ ಕಟ್ ಮಾಡಬೇಡಿ, "ತಪ್ಪಿ ಬಂತು" ಅಂತ ಹೇಳಿ ಇಡಿ.

ಊರೂರು ಅಲೆಯುವವ:
ನಂಬರ್ ದೇಶದಿಂದ ದೇಶಕ್ಕೆ ಬೇರೆ. ಭಾರತ, ಯುರೋಪಿನ ದೇಶಗಳಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 1937ರಿಂದ 999. ಹೊಸ ಕಡೆ ಇಳಿದ ದಿನವೇ ನಾನು ಇದನ್ನ ನೋಡ್ಕೊಳ್ತೀನಿ. ಮೊಬೈಲ್ ಲಾಕ್ ಆಗಿದ್ದರೂ ತುರ್ತು ಕರೆ ಮಾಡಬಹುದು.

ನಿದ್ದೆಗೆಟ್ಟವಳು:
ಕಳ್ಳ ಮನೆಯೊಳಗೇ ಇದ್ದು, ಮಾತಾಡೋಕೇ ಆಗದಿದ್ದರೆ?

ಹಳೇ ರಾತ್ರಿಪಾಳಿ:
ಲೈನ್ ಇಡಬೇಡಿ. ಕೆಮ್ಮಿ, ಫೋನಿನ ಮೇಲೆ ಬೆರಳಲ್ಲಿ ತಟ್ಟಿ. ಬ್ರಿಟನ್ನಿನಲ್ಲಿ ಮೊಬೈಲಿನಿಂದ 999 ಮಾಡಿದವರು ಮಾತಾಡಲಾಗದಿದ್ದರೆ, ಕೇಳಿದಾಗ 55 ಒತ್ತಬಹುದು, ಪೊಲೀಸರಿಗೆ ಸೇರಿಸ್ತಾರೆ. ಅಮೆರಿಕದ ಎಷ್ಟೋ ಕಡೆ 911ಕ್ಕೆ ಮೆಸೇಜೂ ಹೋಗುತ್ತೆ. ಅಂದಹಾಗೆ ಮೊನ್ನೆ ನೀವೇ ಮೇಲೆ ಹೋಗಿ ಬಾಗಿಲು ತಟ್ಟಲಿಲ್ಲವಲ್ಲ, ಒಳ್ಳೇದಾಯ್ತು.

ನಿದ್ದೆಗೆಟ್ಟವಳು:
ಮಹಡಿ ಸಮೇತ ವಿಳಾಸ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಮ್ಮನೆಯವರು ನೋಡಿ ನಕ್ಕರು. ಸರಿ, ನೋಡದೆ ಹೇಳಿ ಅಂದೆ. ಬೀದಿ ಹೆಸರಿಗೇ ತಡವರಿಸಿದರು.